ತಟ್ಟೆ ಮಗುಚಿ ನೋಡಿ: ಹಳೆಯ ಜಪಾನಿ ಪಿಂಗಾಣಿಯನ್ನು ಗುರುತಿಸಿ ಸಂಗ್ರಹಿಸುವ ಬಗೆ

ಹಳೆಯ ಜಪಾನಿ ಪಿಂಗಾಣಿ ತಟ್ಟೆಯೊಂದು ಕೈಗೆ ಸಿಕ್ಕರೆ ಕಣ್ಣು ಮೊದಲು ಹೋಗುವುದು ಹೂವಿನ ಮೇಲೆ, ಚಿನ್ನದ ಅಂಚಿನ ಮೇಲೆ. ಪಳಗಿದ ಸಂಗ್ರಾಹಕರು ಮಾತ್ರ ಮೊದಲು ತಟ್ಟೆಯನ್ನು ಮಗುಚುತ್ತಾರೆ. ಮೇಲಿನ ಚಿತ್ತಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು; ಒಂದೇ ಚಿತ್ತಾರವನ್ನು ಹತ್ತಾರು ಕಾರ್ಖಾನೆಗಳು ತಯಾರಿಸಿದ್ದೂ ಉಂಟು. ಆದರೆ ತಳದ ಮುದ್ರೆ, ತಟ್ಟೆ ಊರಿ ನಿಲ್ಲುವ ತಳದ ಬಳೆಯಲ್ಲಿ ಇಣುಕುವ ಮಣ್ಣು, ಮೆರುಗಿನ (ಮೇಲಿನ ಗಾಜಿನಂಥ ಲೇಪದ) ಬಣ್ಣ ಈ ಮೂರನ್ನು ಒಟ್ಟಿಗೆ ಓದಲು ಕಲಿತರೆ ತಟ್ಟೆ ಎಲ್ಲಿ ಹುಟ್ಟಿತು, ಸುಮಾರು ಯಾವ ವರ್ಷಗಳಲ್ಲಿ ಹುಟ್ಟಿತು ಎಂಬುದು ತಿಳಿದುಬಿಡುತ್ತದೆ. ಚಿತ್ತಾರದ ಹೆಸರು ಹುಡುಕುವ ಕೆಲಸ ಆಮೇಲಿನದು. ಈ ಕ್ರಮವನ್ನು ತಲೆಕೆಳಗು ಮಾಡಿದವರೇ ಹೆಚ್ಚಾಗಿ ಮೋಸಹೋಗುತ್ತಾರೆ.

ಇಲ್ಲಿ ಹೇಳುವುದು ಬಹುಪಾಲು ಜಪಾನಿನ ನೊರಿತಾಕೆ ಎಂಬ ಕಂಪನಿಯ ಪಿಂಗಾಣಿಯ ವಿಷಯ. ಹೊಸದಾಗಿ ಸಂಗ್ರಹ ಆರಂಭಿಸುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸಾಮಾನು ಧಾರಾಳವಾಗಿ ಸಿಗುತ್ತದೆ, ಮುದ್ರೆಗಳ ಚರಿತ್ರೆ ಚೆನ್ನಾಗಿ ದಾಖಲಾಗಿದೆ, ಬೆಲೆಯೂ ಕೈಗೆಟುಕುವಂತಿದೆ.

ಚರಿತ್ರೆಯಲ್ಲಿ ಎರಡು ಇಸವಿಗಳು ಸಾಕು

ಜಪಾನಿನ ಪಿಂಗಾಣಿಗೆ ನಾಲ್ಕು ಶತಮಾನಗಳ ಚರಿತ್ರೆಯಿದೆ. ಕ್ಯುಶು ದ್ವೀಪದ ಅರಿತಾ ಊರಿನಲ್ಲಿ 17ನೇ ಶತಮಾನದ ಆರಂಭಕ್ಕೆ ಕೊರಿಯಾ ಮೂಲದ ಕುಂಬಾರರು ಪಿಂಗಾಣಿ ಕಲ್ಲನ್ನು ಗುರುತಿಸಿ ಈ ಕಸುಬಿಗೆ ನೆಲೆ ಹಾಕಿದರು. ಸಮೀಪದ ಇಮಾರಿ ಬಂದರಿನಿಂದ ಹಡಗೇರಿ ಹೋದದ್ದರಿಂದ ಯುರೋಪಿನಲ್ಲಿ ಅದಕ್ಕೆ ಇಮಾರಿ ಎಂದೇ ಹೆಸರಾಯಿತು. ಅದೊಂದು ಬೇರೆಯೇ ಲೋಕ, ಬೆಲೆಯೂ ಬೇರೆ. ನಾವು ನೋಡುತ್ತಿರುವುದು 20ನೇ ಶತಮಾನದಲ್ಲಿ ಪಾಶ್ಚಾತ್ಯರ ಊಟದ ಮೇಜಿಗಾಗಿ ತಯಾರಾಗಿ ರಫ್ತಾದ ಡಿನ್ನರ್ ಸೆಟ್ಟುಗಳನ್ನು.

ಆ ಕಥೆ ಆರಂಭವಾಗುವುದು 1876ರಲ್ಲಿ, ಮೊರಿಮುರಾ ಸಹೋದರರಿಂದ. ಅಣ್ಣ ಟೋಕಿಯೊದಲ್ಲಿ ನಿಂತು ಸರಕು ಕೂಡಿಸಿದರೆ ತಮ್ಮ ನ್ಯೂಯಾರ್ಕಿಗೆ ಹೋಗಿ ಅಂಗಡಿ ನೋಡಿಕೊಂಡ. 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಯುರೋಪಿನ ಅಚ್ಚ ಬಿಳಿಯ ಪಿಂಗಾಣಿಯನ್ನು ಕಂಡ ಅಣ್ಣನಿಗೆ ಅಂಥದ್ದನ್ನೇ ಜಪಾನಿನಲ್ಲಿ ತಯಾರಿಸಬೇಕೆಂಬ ಹಟ ಹುಟ್ಟಿತು. 1904ರಲ್ಲಿ ನಗೊಯಾ ಬಳಿಯ ನೊರಿತಾಕೆ ಎಂಬ ಹಳ್ಳಿಯಲ್ಲಿ ನಿಪ್ಪಾನ್ ತೋಕಿ ಎಂಬ ಕಂಪನಿ ಸ್ಥಾಪನೆಯಾಯಿತು. ಊರಿನ ಹೆಸರೇ ಸರಕಿನ ಹೆಸರಾಯಿತು; ಕಂಪನಿ ಅಧಿಕೃತವಾಗಿ ಆ ಹೆಸರನ್ನು ಪಡೆದದ್ದು 1981ರಲ್ಲಿ.

ಕಾರ್ಖಾನೆ ಎದ್ದರೂ ಡಿನ್ನರ್ ಸೆಟ್ಟು ಹೊರಬರಲು ಇನ್ನೂ ಹತ್ತು ವರ್ಷ ಹಿಡಿಯಿತು. ಹೂದಾನಿ, ಚಹಾ ಕಪ್ಪು, ಸಣ್ಣ ತಟ್ಟೆಗಳು ಬೇಗ ಒಲಿದವು. ಒಲಿಯದೆ ಕಾಡಿದ್ದು 25 ಸೆಂಟಿಮೀಟರಿನ ಚಪ್ಪಟೆಯ ಊಟದ ತಟ್ಟೆ. ಸಾವಿರದ ಮುನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಪಿಂಗಾಣಿ ಮಣ್ಣು ಮೆತ್ತಗಾಗುತ್ತದೆ. ಆಗ ಅಗಲವಾದ ತಟ್ಟೆಯ ನಡುಭಾಗ ಕುಸಿಯುತ್ತದೆ, ಇಲ್ಲವೇ ಅಂಚು ಸೊಟ್ಟಗಾಗುತ್ತದೆ. ಮಣ್ಣಿನ ಹದ, ತಳದ ದಪ್ಪ, ಬೆಂಕಿಯ ಕ್ರಮ ಎಲ್ಲವನ್ನೂ ತಿದ್ದಿ ತಿದ್ದಿ ಕೊನೆಗೆ 1914ರಲ್ಲಿ ‘ಸೆಡಾನ್’ ಎಂಬ ಹೆಸರಿನ ಮೊದಲ ಪೂರ್ಣ ಸೆಟ್ಟು ತಯಾರಾಯಿತು.

1904, 1914 ಈ ಎರಡು ಇಸವಿಗಳನ್ನು ನೆನಪಿಟ್ಟುಕೊಂಡರೆ ಸಾಕು. ‘1900ರ ನೊರಿತಾಕೆ ಡಿನ್ನರ್ ಸೆಟ್ಟು’ ಎಂದು ಯಾರಾದರೂ ಹೇಳಿದರೆ ಅದು ಸಾಧ್ಯವಿಲ್ಲದ ಮಾತು. 1904ಕ್ಕೆ ಮೊದಲು ಕಾರ್ಖಾನೆ ಇರಲಿಲ್ಲ, 1914ಕ್ಕೆ ಮೊದಲು ಸೆಟ್ಟು ಇರಲಿಲ್ಲ.

ಮೊದಲ ಹೆಜ್ಜೆ: ತಳದ ಮುದ್ರೆಯನ್ನು ಓದುವುದು

ತಟ್ಟೆಯನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿ. ಒಂದು ಒಳ್ಳೆಯ ದೀಪ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಒಂದು ನೋಟ್‌ಬುಕ್ ಇಷ್ಟಿದ್ದರೆ ಆಯಿತು. ಮುದ್ರೆಯಲ್ಲಿ ಮೊದಲು ಹುಡುಕಬೇಕಾದದ್ದು ದೇಶದ ಹೆಸರು.

ಅಮೆರಿಕಕ್ಕೆ ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು 1890ರ ಸುಂಕ ಕಾಯ್ದೆ ವಿಧಿಸಿತು; ಅದು ಜಾರಿಗೆ ಬಂದದ್ದು 1891ರಲ್ಲಿ. ಜಪಾನಿನ ತಯಾರಕರು ಆಗ ಇಂಗ್ಲಿಷ್ ಅಕ್ಷರಗಳಲ್ಲಿ ‘ನಿಪ್ಪಾನ್’ ಎಂದು ಬರೆದರು. ಅದು ಜಪಾನಿ ಪದ, ಇಂಗ್ಲಿಷ್ ಹೆಸರೇ ಬೇಕು ಎಂದು 1921ರಲ್ಲಿ ಅಮೆರಿಕದ ಸುಂಕ ಇಲಾಖೆ ಪಟ್ಟು ಹಿಡಿಯಿತು. ಅಂದಿನಿಂದ ‘ಜಪಾನ್’ ಅಥವಾ ‘ಮೇಡ್ ಇನ್ ಜಪಾನ್’ ಬಂತು. ಹೀಗೆ ಎಲ್ಲಿಯೋ ಕುಳಿತ ಸುಂಕದ ಅಧಿಕಾರಿಗಳು ಸಂಗ್ರಾಹಕರಿಗೆ ದೊಡ್ಡ ಉಪಕಾರ ಮಾಡಿದರು. ‘ನಿಪ್ಪಾನ್’ ಎಂದಿದ್ದರೆ 1891ರಿಂದ 1921ರ ನಡುವಿನದು, ‘ಜಪಾನ್’ ಎಂದಿದ್ದರೆ ಬಹುತೇಕ ಆಮೇಲಿನದು.

ಇಲ್ಲಿ ಒಂದು ಎಚ್ಚರಿಕೆ. ಆ ಕಾಯ್ದೆ ಅಮೆರಿಕದ ಮಾರುಕಟ್ಟೆಗೆ ಸಂಬಂಧಿಸಿದ್ದು. ಜಪಾನಿನ ಒಳಗೇ ಮಾರಾಟವಾದ ಸಾಮಾನಿಗೆ ದೇಶದ ಹೆಸರು ಬೇಕಿರಲಿಲ್ಲ. ಕೆಲವು ಸೆಟ್ಟುಗಳಲ್ಲಿ ದೊಡ್ಡ ತಟ್ಟೆಗಳ ಮೇಲಷ್ಟೇ ಮುದ್ರೆ ಒತ್ತಿ ಸಣ್ಣ ಬಟ್ಟಲುಗಳನ್ನು ಹಾಗೆಯೇ ಬಿಟ್ಟದ್ದೂ ಇದೆ. ಕಾಗದದ ಚೀಟಿ ಅಂಟಿಸಿ ಕಳಿಸಿದ್ದೂ ಇದೆ. ಮುದ್ರೆ ಇಲ್ಲವೆಂದ ಮಾತ್ರಕ್ಕೆ ಅತಿ ಹಳೆಯದು ಎಂದು ನಂಬಬಾರದು.

ಇನ್ನು ಕಂಪನಿಯ ಗುರುತು. ಎರಡನೇ ಮಹಾಯುದ್ಧಕ್ಕೆ ಹಿಂದಿನ ನೊರಿತಾಕೆ ಸಾಮಾನಿನಲ್ಲಿ ಅತಿ ಹೆಚ್ಚು ಕಾಣುವುದು ಎಲೆಗಳ ಹಾರದ ನಡುವೆ ‘ಎಂ’ ಅಕ್ಷರ. ಎಂ ಅಂದರೆ ಮೊರಿಮುರಾ. ಈ ಮುದ್ರೆ 1910ರ ದಶಕದ ಆರಂಭದಿಂದ ಯುದ್ಧದ ಹೊತ್ತಿನವರೆಗೆ ಬಳಕೆಯಲ್ಲಿತ್ತು. ಹಾರದ ಜೊತೆಗೆ ‘ನಿಪ್ಪಾನ್’ ಇದೆಯೋ ‘ಜಪಾನ್’ ಇದೆಯೋ ನೋಡಿದರೆ ಕಾಲ ಇನ್ನಷ್ಟು ಖಚಿತವಾಗುತ್ತದೆ. ವೃತ್ತದೊಳಗೆ ಈಟಿಯ ತುದಿಗಳಂತೆ ಚಾಚಿದ ಗೆರೆಗಳ ‘ಕೊಮಾರು’ ಎಂಬ ಮುದ್ರೆಯೂ ಈ ಕಂಪನಿಯದೇ. ಬ್ರಿಟನ್ನಿನ ಮಾರುಕಟ್ಟೆಗೆ ಹೋದ ಸಾಮಾನಿನಲ್ಲಿ ಅದು ಹೆಚ್ಚು ಸಿಗುತ್ತದೆ. ‘ಆರ್‌ಸಿ’ ಎಂಬ ಎರಡಕ್ಷರ ಕಂಡರೆ ಅದು ರಾಯಲ್ ಕ್ರಾಕರಿ ಎಂಬುದರ ಸಂಕ್ಷೇಪ, ಅದೂ ನೊರಿತಾಕೆಯದೇ.

ನನಗೆ ಅತ್ಯಂತ ಗೌರವ ಮೂಡಿಸುವ ಮುದ್ರೆ ‘ರೋಸ್ ಚೈನಾ’. ಎರಡನೇ ಮಹಾಯುದ್ಧ ಮುಗಿದಾಗ ನಗೊಯಾ ಸುಟ್ಟು ಬೂದಿಯಾಗಿತ್ತು. ಒಳ್ಳೆಯ ಮಣ್ಣು, ಇಂಧನ, ಪಳಗಿದ ಕೈಗಳು ಯಾವುದೂ ಸಾಕಷ್ಟು ಇರಲಿಲ್ಲ. ಕಾರ್ಖಾನೆ ಮತ್ತೆ ಶುರುವಾದರೂ ತಟ್ಟೆಗಳ ಗುಣಮಟ್ಟ ಹಿಂದಿನಂತೆ ಇರಲಿಲ್ಲ. ಅಂಥ ತಟ್ಟೆಗೆ ನೊರಿತಾಕೆ ಹೆಸರು ಒತ್ತಲು ಕಂಪನಿಗೆ ಮನಸ್ಸಾಗಲಿಲ್ಲ. 1946ರಿಂದ ಸುಮಾರು ಎರಡು ವರ್ಷ ಗುಲಾಬಿಯ ಚಿತ್ರದೊಂದಿಗೆ ರೋಸ್ ಚೈನಾ ಎಂಬ ಬೇರೆ ಹೆಸರಿನಲ್ಲಿ ಮಾರಿದರು. ಗುಣಮಟ್ಟ ಮರಳಿದ ಮೇಲೆಯೇ ಹಳೆಯ ಹೆಸರೂ ಮರಳಿತು. ಈ ಅವಧಿಯ ತಟ್ಟೆಗಳಲ್ಲಿ ಸಣ್ಣ ಕಪ್ಪು ಚುಕ್ಕೆ, ಕೊಂಚ ಮಂಕಾದ ಬಿಳುಪು ಕಂಡರೆ ಅದನ್ನು ದೋಷವೆಂದು ತಳ್ಳಿಹಾಕಬೇಡಿ. ಆ ಎರಡು ವರ್ಷಗಳ ಚರಿತ್ರೆ ಅದರಲ್ಲಿಯೇ ಇದೆ.

ಅದೇ ಕಾಲಕ್ಕೆ ಸೇರಿದ್ದು ‘ಮೇಡ್ ಇನ್ ಆಕ್ಯುಪೈಡ್ ಜಪಾನ್’. ಮಿತ್ರರಾಷ್ಟ್ರಗಳ ಆಡಳಿತವಿದ್ದಾಗ, 1947ರ ಸುಮಾರಿನಿಂದ 1952ರವರೆಗೆ, ರಫ್ತಾದ ಸಾಮಾನಿನ ಮೇಲೆ ಇದು ಕಾಣುತ್ತದೆ. ಇದನ್ನು ಮಾತ್ರ ಸಂಗ್ರಹಿಸುವವರೂ ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಇನ್ನು ಹಾರದ ನಡುವೆ ‘ಎನ್’ ಅಕ್ಷರ ಇದ್ದರೆ ಅದು 1953ರ ನಂತರದ್ದು.

ಭಾರತದ ಓದುಗರು ಮರೆಯಬಾರದ ಸಂಗತಿಯೊಂದಿದೆ. ನೊರಿತಾಕೆ ಎಂದಿದ್ದ ಮಾತ್ರಕ್ಕೆ ಅದು ಜಪಾನಿನಲ್ಲಿ ತಯಾರಾದದ್ದು ಎಂದಾಗುವುದಿಲ್ಲ. 1970ರ ದಶಕದಿಂದ ಕಂಪನಿ ಹೊರದೇಶಗಳಲ್ಲೂ ತಯಾರಿಕೆ ಶುರುಮಾಡಿತು. ಶ್ರೀಲಂಕಾದ ಮಾತಳೆಯಲ್ಲಿ ಅದರ ದೊಡ್ಡ ಕಾರ್ಖಾನೆಯಿದೆ. ನಮ್ಮಲ್ಲಿನ ಅಂಗಡಿಗಳಲ್ಲಿ, ಉಡುಗೊರೆಯಾಗಿ ಬಂದ ಪೆಟ್ಟಿಗೆಗಳಲ್ಲಿ ಇರುವ ನೊರಿತಾಕೆಯ ತಳದಲ್ಲಿ ಶ್ರೀಲಂಕಾ ಎಂದು ಅಚ್ಚಾಗಿರುವುದು ಸಾಮಾನ್ಯ. ಸಾಮಾನು ಒಳ್ಳೆಯದೇ, ಆದರೆ ಹಳೆಯ ಜಪಾನಿ ಪಿಂಗಾಣಿಯ ಸಂಗ್ರಹಕ್ಕೆ ಅದು ಸೇರುವುದಿಲ್ಲ.

ಬೇರೆ ಹೆಸರುಗಳೂ ಎದುರಾಗುತ್ತವೆ. ಫ್ಯೂಜಿ ಪರ್ವತ ಮತ್ತು ಹರಿಯುವ ತೊರೆಯ ನೀಲಿ ಗುರುತು ಅರಿತಾದ ಫುಕಗಾವಾದ್ದು, ಸೊಗಸಾದ ಕೆಲಸ. ನರುಮಿ ಬೋನ್ ಚೈನಾಗೆ ಹೆಸರಾದದ್ದು. ಮಿಕಾಸಾ ಎಂಬುದು ಜಪಾನಿ ಹೆಸರಾದರೂ ಅಮೆರಿಕದ ವ್ಯಾಪಾರಿ ಸಂಸ್ಥೆಯದು. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಬಂಧನ ಶಿಬಿರಕ್ಕೆ ಕಳಿಸಿದ್ದ ಜಪಾನಿ ಮೂಲದ ಜಾರ್ಜ್ ಅರತಾನಿ ಅದನ್ನು ಕಟ್ಟಿದವರು. ಅವರು ಬೇರೆ ಬೇರೆ ಜಪಾನಿ ಕಾರ್ಖಾನೆಗಳಿಂದ ತಯಾರಿಸಿ ತರಿಸುತ್ತಿದ್ದರು. ಹಾಗಾಗಿ ಮಿಕಾಸಾ ಎಂಬುದನ್ನು ಮಾರಾಟಗಾರರ ಹೆಸರೆಂದು ಓದಬೇಕು, ತಯಾರಕರ ಹೆಸರೆಂದಲ್ಲ.

ಎರಡನೇ ಹೆಜ್ಜೆ: ಮಣ್ಣಿನ ಪರೀಕ್ಷೆ

ತಟ್ಟೆಯನ್ನು ದೀಪದ ಎದುರು ಹಿಡಿದು ಹಿಂದೆ ಬೆರಳುಗಳನ್ನು ಆಡಿಸಿ. ನಿಜವಾದ ಪಿಂಗಾಣಿಯಲ್ಲಿ ಬೆರಳುಗಳ ನೆರಳು ಕಾಣುತ್ತದೆ. ಸಾಧಾರಣ ಮಣ್ಣಿನ ಪಾತ್ರೆಯಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಅಂಗೈ ಮೇಲೆ ಸಮವಾಗಿ ಇರಿಸಿಕೊಂಡು ಉಗುರಿನಿಂದ ಅಂಚನ್ನು ಮೆಲ್ಲಗೆ ತಟ್ಟಿ. ಗಟ್ಟಿ ತಟ್ಟೆ ಟಣ್ ಎಂದು ಉದ್ದವಾಗಿ ನುಡಿಯುತ್ತದೆ. ಮೊಂಡಾದ ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕು ಇದೆ ಎಂದರ್ಥ.

ತಳದ ಬಳೆಯ ತುದಿಗೆ ಮೆರುಗು ಇರುವುದಿಲ್ಲ, ಅಲ್ಲಿ ಬರಿ ಮಣ್ಣು ಕಾಣುತ್ತದೆ. ಅದನ್ನು ಬೆರಳಿನಿಂದ ಸವರಿ. ಹಳೆಯ ನೊರಿತಾಕೆಯಲ್ಲಿ ಅದು ನುಣ್ಣಗೆ, ಬಿಗಿಯಾಗಿ, ಬೆಳ್ಳಗೆ ಇರುತ್ತದೆ. ದಶಕಗಳ ಬಳಕೆಯಿಂದ ಬಂದ ಸಣ್ಣ ಗೀರುಗಳು ನಾನಾ ದಿಕ್ಕಿಗೆ ಇರುತ್ತವೆ. ಎಲ್ಲ ಗೀರುಗಳೂ ಒಂದೇ ದಿಕ್ಕಿಗೆ ಸಾಲಾಗಿ ಇದ್ದರೆ ಯಾರೋ ಉಜ್ಜುಕಾಗದದಿಂದ ಹಳತನ ತಂದಿರಬಹುದು.

ಬೋನ್ ಚೈನಾದಲ್ಲಿ ನಿಜವಾಗಿಯೂ ಪ್ರಾಣಿಗಳ ಎಲುಬಿನ ಬೂದಿ ಇರುತ್ತದೆಯೇ ಎಂದು ನಮ್ಮ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಕೇಳುತ್ತಾರೆ. ಇರುತ್ತದೆ. ಆದರೆ ಪಿಂಗಾಣಿಯೆಲ್ಲ ಬೋನ್ ಚೈನಾ ಅಲ್ಲ. ನೊರಿತಾಕೆ ಬೋನ್ ಚೈನಾ ಆರಂಭಿಸಿದ್ದೇ 1930ರ ದಶಕದಲ್ಲಿ. ಅದಕ್ಕೆ ಹಿಂದಿನದೆಲ್ಲ ಬಿಳಿ ಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲುಗಳ ಪಿಂಗಾಣಿ. ಆಮೇಲಿನ ಸಾಮಾನಿನಲ್ಲಿ ಎಲುಬಿನ ಬೂದಿ ಇದ್ದರೆ ತಳದಲ್ಲಿ ‘ಬೋನ್ ಚೈನಾ’ ಎಂದು ಹೆಮ್ಮೆಯಿಂದಲೇ ಅಚ್ಚು ಹಾಕುತ್ತಾರೆ, ಏಕೆಂದರೆ ಅದು ದುಬಾರಿ. ಎಲುಬು ಬೇಡವೆನ್ನುವವರು ಆ ಅಚ್ಚಿಲ್ಲದ, ಯುದ್ಧಪೂರ್ವದ ಹಾರದ ಮುದ್ರೆಯ ಸಾಮಾನನ್ನು ಹುಡುಕುವುದು ಒಳ್ಳೆಯ ದಾರಿ.

ಮೂರನೇ ಹೆಜ್ಜೆ: ಕೈಬರಹವೋ ಅಚ್ಚೋ

ಇಲ್ಲಿ ಭೂತಗನ್ನಡಿಗೆ ನಿಜವಾದ ಕೆಲಸ. ಚಿತ್ತಾರ ಮುದ್ರಿತವಾಗಿದ್ದರೆ ಬಣ್ಣದ ಛಾಯೆಗಳು ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತವೆ, ಪತ್ರಿಕೆಯ ಚಿತ್ರದಲ್ಲಿ ಕಾಣುವ ಹಾಗೆ. ಕುಂಚದಿಂದ ಬರೆದದ್ದಾದರೆ ಚುಕ್ಕೆಗಳ ಬದಲು ಎಳೆತ ಕಾಣುತ್ತದೆ. ಬಣ್ಣ ಒಂದು ಕಡೆ ದಪ್ಪವಾಗಿ ನಿಂತು ಇನ್ನೊಂದು ಕಡೆ ತೆಳುವಾಗಿ ಜಾರಿರುತ್ತದೆ. ಗೆರೆಗಳನ್ನು ಅಚ್ಚು ಹಾಕಿ ಒಳಗಿನ ಬಣ್ಣವನ್ನಷ್ಟೇ ಕೈಯಲ್ಲಿ ತುಂಬಿದ ಸಾಮಾನೂ ಬಹಳ ಇದೆ. ‘ಹ್ಯಾಂಡ್ ಪೇಂಟೆಡ್’ ಎಂಬ ಮುದ್ರೆ ಅದಕ್ಕೂ ಬಿದ್ದಿರುತ್ತದೆ.

ಇದನ್ನು ಕಲಿಯಲು ‘ಟ್ರೀ ಇನ್ ದ ಮೆಡೋ’ ಎಂಬ ಚಿತ್ತಾರದ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಡಬೇಕು. ಸಂಜೆಯ ಹಳದಿ–ಕಿತ್ತಳೆ ಬಾನು, ಕೆರೆಯ ನೀರು, ದಡದಲ್ಲಿ ಒಂದು ಪುಟ್ಟ ಮನೆ, ಮುಂದೆ ಮರ. ದೂರದಿಂದ ಎರಡೂ ಒಂದೇ. ಹತ್ತಿರ ಹಿಡಿದರೆ ಒಂದರಲ್ಲಿ ಮರದ ಕಾಂಡ ಕೊಂಚ ಬಾಗಿದೆ, ಇನ್ನೊಂದರಲ್ಲಿ ನೆಟ್ಟಗಿದೆ. ಒಂದರ ನೀರಿನಲ್ಲಿ ಮನೆಯ ನೆರಳನ್ನು ಎರಡೇ ಎಳೆತದಲ್ಲಿ ಮುಗಿಸಿದ್ದಾರೆ, ಇನ್ನೊಂದರಲ್ಲಿ ತಾಳ್ಮೆಯಿಂದ ನಾಲ್ಕೈದು ಬಾರಿ ಕುಂಚ ಆಡಿಸಿದ್ದಾರೆ. ಎಲೆಗಳ ಗುಂಪಿನಲ್ಲಿ ಕುಂಚದ ತುದಿ ಒತ್ತಿ ಎತ್ತಿದ ಗುರುತುಗಳನ್ನು ಎಣಿಸಬಹುದು. ಇಬ್ಬರು ಬೇರೆ ಬೇರೆ ಕೆಲಸಗಾರರು ಒಂದೇ ಮಾದರಿ ನೋಡಿಕೊಂಡು ಬರೆದಿದ್ದಾರೆ. ಅವರ ಹೆಸರು ಎಲ್ಲಿಯೂ ದಾಖಲಾಗಿಲ್ಲ, ಕೈಯ ಗುಣ ಮಾತ್ರ ಉಳಿದಿದೆ. ಇದನ್ನು ಒಮ್ಮೆ ಕಂಡವರಿಗೆ ಅಚ್ಚಿನ ಚಿತ್ತಾರ ಎಂದಿಗೂ ಮೋಸ ಮಾಡಲಾರದು.

ಚಿನ್ನವನ್ನೂ ಗಮನಿಸಿ. ಒಳ್ಳೆಯ ಹಳೆಯ ಚಿನ್ನಕ್ಕೆ ಮೃದುವಾದ, ಆಳದ ಹೊಳಪಿರುತ್ತದೆ. ಕನ್ನಡಿಯಂತೆ ಮಿರಮಿರ ಮಿನುಗುವ ಚಿನ್ನ ಅಗ್ಗದ್ದು, ಇಲ್ಲವೇ ಹೊಸದು. ಮಣ್ಣಿನ ದ್ರವವನ್ನು ಉಬ್ಬಿಸಿ ಎಳೆದ ಗೆರೆ, ಚುಕ್ಕೆಗಳ ಅಲಂಕಾರಕ್ಕೆ ಮೊರಿಯಾಗೆ ಎನ್ನುತ್ತಾರೆ. ಅದನ್ನು ಬೆರಳಿನಿಂದಲೇ ಗುರುತಿಸಬಹುದು.

ನಾಲ್ಕನೇ ಹೆಜ್ಜೆ: ಚಿತ್ತಾರದ ಹೆಸರು ಹುಡುಕುವುದು

ಯುದ್ಧಾನಂತರದ ನೊರಿತಾಕೆಯಲ್ಲಿ ಈ ಕೆಲಸ ಸುಲಭ. ತಳದಲ್ಲಿಯೇ ಹೆಸರು ಮತ್ತು ನಾಲ್ಕಂಕಿಯ ಸಂಖ್ಯೆ ಇರುತ್ತದೆ: ಬ್ಲೂ ಹಿಲ್ 2482, ರಾಥ್ಸ್‌ಚೈಲ್ಡ್ 7293, ಶೆನಾಂಡೋವಾ 9729 ಹೀಗೆ. ಸಂಖ್ಯೆಯನ್ನೇ ನಂಬಿ. ಹೆಸರುಗಳು ಒಂದನ್ನೊಂದು ಹೋಲುತ್ತವೆ, ಸಂಖ್ಯೆ ಹಾಗಲ್ಲ.

ಯುದ್ಧಪೂರ್ವದ ಸಾಮಾನಿನಲ್ಲಿ ಹೆಸರು ಇರಬಹುದು, ಇಲ್ಲದಿರಬಹುದು. ಕೆಲವಕ್ಕೆ ಅಮೆರಿಕದ ವಿನ್ಯಾಸ ಪೇಟೆಂಟ್ ಸಂಖ್ಯೆ ಇರುತ್ತದೆ. ಅದು ದೊಡ್ಡ ಸುಳಿವು. ಆ ಪೇಟೆಂಟುಗಳು ಸಾರ್ವಜನಿಕ ದಾಖಲೆಗಳು, ಅಂತರ್ಜಾಲದಲ್ಲಿ ಸಂಖ್ಯೆ ಹಾಕಿದರೆ ಮೂಲ ಚಿತ್ರ ಮತ್ತು ದಿನಾಂಕ ಸಿಗುತ್ತದೆ. ಚಿತ್ತಾರ ಆ ದಿನಾಂಕಕ್ಕಿಂತ ಬಹಳ ಹಿಂದಿನದಾಗಿರಲು ಸಾಧ್ಯವಿಲ್ಲ.

ಏನೂ ಇಲ್ಲದಿದ್ದರೆ ತಟ್ಟೆಯನ್ನು ಮಾತಿನಲ್ಲಿ ಬಿಡಿಸಿ ಬರೆಯಿರಿ: ಅಂಚು ದುಂಡಗಿದೆಯೋ ಅಲೆಯಂತಿದೆಯೋ, ಅಂಚಿನ ಪಟ್ಟಿಯ ಬಣ್ಣ ಯಾವುದು, ನಡುವೆ ಹೂಗೊಂಚಲು ಇದೆಯೋ ಖಾಲಿಯೋ, ಕಪ್ಪಿನ ಹಿಡಿಯ ಆಕಾರ ಹೇಗಿದೆ. ಅಮೆರಿಕದ ನಾರ್ತ್ ಕೆರೊಲಿನಾದ ರಿಪ್ಲೇಸ್‌ಮೆಂಟ್ಸ್ ಎಂಬ ಸಂಸ್ಥೆ ಹಳೆಯ ಸೆಟ್ಟುಗಳ ಬಿಡಿ ಪಾತ್ರೆಗಳನ್ನೇ ಮಾರುತ್ತದೆ. ಅವರ ಜಾಲತಾಣದಲ್ಲಿ ಚಿತ್ತಾರಗಳ ಬಹುದೊಡ್ಡ ಚಿತ್ರಸಂಗ್ರಹವಿದೆ. ಖರೀದಿಸದಿದ್ದರೂ ಗುರುತಿಸಲು ಅದು ಬೇಕೇಬೇಕು.

ಸಣ್ಣ ವ್ಯತ್ಯಾಸಗಳಿಗೆ ಕಣ್ಣು ಪಳಗಬೇಕೆಂದರೆ ನೀಲಿ–ಬಿಳಿಯ ಹಕ್ಕಿ ಚಿತ್ತಾರಗಳಿಂದ ಶುರುಮಾಡಿ. ‘ಫೀನಿಕ್ಸ್ ಬರ್ಡ್’ನಲ್ಲಿ ಹಕ್ಕಿ ತನ್ನ ರೆಕ್ಕೆಯ ಮೇಲಿಂದ ಹಿಂದಕ್ಕೆ ತಿರುಗಿ ನೋಡುತ್ತಿರುತ್ತದೆ, ಎದೆಯ ಮೇಲೆ ಚುಕ್ಕೆಗಳಿರುತ್ತವೆ, ಸುತ್ತ ಸುರುಳಿ ಬಳ್ಳಿ. ‘ಫ್ಲೈಯಿಂಗ್ ಟರ್ಕಿ’ಯಲ್ಲಿ ಹಕ್ಕಿ ಮುಂದಕ್ಕೇ ನೋಡುತ್ತದೆ, ಎದೆಯಲ್ಲಿ ಚುಕ್ಕೆಗಳಿಲ್ಲ, ಅಂಚಿನ ಪಟ್ಟಿ ಹೃದಯದ ಆಕಾರವನ್ನು ಹೋಲುತ್ತದೆ. ‘ಹೊವೊ’ ಎಂಬುದು ಇವೆರಡಕ್ಕೂ ಹತ್ತಿರದ ನೊರಿತಾಕೆ ಚಿತ್ತಾರ. ಈ ಮೂರನ್ನೂ ಒಂದೇ ಹೆಸರಿನಲ್ಲಿ ಮಾರುವವರು ಬಹಳ.

ಐದನೇ ಹೆಜ್ಜೆ: ಒಂದೇ ಚಿತ್ತಾರವನ್ನು ಆರಿಸಿಕೊಳ್ಳುವುದು

ಚಂದ ಕಂಡದ್ದನ್ನೆಲ್ಲ ಕೊಂಡರೆ ಕಪಾಟು ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಚಿತ್ತಾರವನ್ನು ಹಿಡಿದು ಅದರ ಒಂದೊಂದು ಪಾತ್ರೆಯನ್ನೂ ಹುಡುಕುವುದರಲ್ಲಿಯೇ ತಿಳಿವಳಿಕೆ ಬೆಳೆಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಹೊಸಬರಿಗೆ ನಾನು ಹೇಳುವುದು ‘ಅಜೇಲಿಯಾ’, ಸಂಖ್ಯೆ 19322. ಬಿಳಿಯ ಮೇಲೆ ನಸುಗೆಂಪು ಅಜೇಲಿಯಾ ಹೂಗಳು, ಹಸಿರು ಎಲೆ, ಚಿನ್ನದ ಅಂಚು. ಇದು ಅಂಗಡಿಗಿಂತ ಹೆಚ್ಚಾಗಿ ಮನೆಮನೆಗೆ ಅಂಚೆಯಲ್ಲಿ ತಲುಪಿದ ಚಿತ್ತಾರ. ಬಫಲೊ ನಗರದ ಲಾರ್ಕಿನ್ ಎಂಬ ಸಾಬೂನು ಕಂಪನಿ ತನ್ನ ಸರಕು ಕೊಂಡ ಗೃಹಿಣಿಯರಿಗೆ ಬಹುಮಾನವಾಗಿ ಈ ಪಿಂಗಾಣಿಯನ್ನು ಕೊಡುತ್ತಿತ್ತು. 1920, 30ರ ದಶಕಗಳಲ್ಲಿ ಅಮೆರಿಕದ ಮಧ್ಯಮ ವರ್ಗದ ಮನೆಗಳಲ್ಲಿ ಸಾಬೂನು ಕೊಳ್ಳುತ್ತ ಕೊಳ್ಳುತ್ತ ಸೆಟ್ಟು ಪೂರ್ತಿಯಾಗುತ್ತಿತ್ತು. ಟ್ರೀ ಇನ್ ದ ಮೆಡೋ ಕೂಡ ಲಾರ್ಕಿನ್ ಹಂಚಿದ್ದೇ. ಹಾಗಾಗಿಯೇ ಈ ಎರಡೂ ಇಂದಿಗೂ ಅಮೆರಿಕದಲ್ಲಿ ಹೇರಳ.

ಲಾರ್ಕಿನ್ ಕಂಪನಿಯ ಪ್ರಸಿದ್ಧ ಕಚೇರಿ ಕಟ್ಟಡದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಟೋಕಿಯೊದ ಇಂಪೀರಿಯಲ್ ಹೋಟೆಲನ್ನು ಕಟ್ಟಿದವರೂ ಅವರೇ. 1923ರಲ್ಲಿ ತೆರೆದ ಆ ಹೋಟೆಲಿಗಾಗಿ ಅವರು ರೂಪಿಸಿದ ಬಣ್ಣದ ವೃತ್ತಗಳ ತಟ್ಟೆಗಳನ್ನು ತಯಾರಿಸಿದ್ದು ನೊರಿತಾಕೆ. ಎರಡೂ ಕಟ್ಟಡಗಳನ್ನು ಮುಂದೆ ಕೆಡವಿದರು. ಸುಲಭವಾಗಿ ಒಡೆಯುವ ತಟ್ಟೆಗಳು ಉಳಿದುಕೊಂಡವು, ಬಲವಾದ ಗೋಡೆಗಳು ಹೋದವು.

ಚಿತ್ತಾರ ಆರಿಸಿಕೊಂಡ ಮೇಲೆ ಯಾವ ಪಾತ್ರೆ ಮೊದಲು? ಕಪ್ಪುಗಳು ಬೇಗ ಒಡೆಯುತ್ತವೆ, ಬಸಿಗಳು ಉಳಿಯುತ್ತವೆ. ಆದ್ದರಿಂದ ಬಸಿ ಎಲ್ಲಿ ಬೇಕಾದರೂ ಸಿಗುತ್ತದೆ, ಜೋಡಿ ಕಪ್ಪು ಸಿಕ್ಕಾಗ ಬಿಡಬಾರದು. ಮುಚ್ಚಳವಿರುವ ಬಟ್ಟಲು, ಬೆಣ್ಣೆಯ ತಟ್ಟೆ, ಚಹಾ ಕುಡಿಕೆ, ಎರಡು ಹಿಡಿಗಳ ಸೂಪಿನ ಕಪ್ಪು ಅಪರೂಪ. ಮುಚ್ಚಳ ಸಮೇತ ಸಿಕ್ಕರೆ ಮುಚ್ಚಳ ಸರಿಯಾಗಿ ಕೂರುತ್ತದೆಯೇ, ಎರಡರ ಬಿಳುಪೂ ಒಂದೇ ಛಾಯೆಯದೇ ಎಂದು ನೋಡಿ. ಬೇರೆ ಬಟ್ಟಲಿನ ಮುಚ್ಚಳವನ್ನು ಜೋಡಿಸಿ ಮಾರುವುದು ಸಾಮಾನ್ಯ. ಅಜೇಲಿಯಾದ ಮಕ್ಕಳ ಚಹಾ ಸೆಟ್ಟು ಸಿಕ್ಕರಂತೂ ಅದೃಷ್ಟ.

ಊಟದ ತಟ್ಟೆಗಳು ಸಾಮಾನ್ಯವಾಗಿ 25ರಿಂದ 27 ಸೆಂಟಿಮೀಟರ್, ಬ್ರೆಡ್ಡಿನ ತಟ್ಟೆ 16ರ ಆಸುಪಾಸು. ಫೋಟೊ ನೋಡಿ ಕೊಳ್ಳುವಾಗ ಅಳತೆ ಕೇಳಲೇಬೇಕು. ಚಿತ್ರದಲ್ಲಿ ಎರಡೂ ಒಂದೇ ಗಾತ್ರದಂತೆ ಕಾಣುತ್ತವೆ.

ಆರನೇ ಹೆಜ್ಜೆ: ದೋಷ ಮತ್ತು ನಕಲು

ಬೆರಳಿನ ತುದಿಯನ್ನು ಅಂಚಿನ ಸುತ್ತ ಒಂದು ಸುತ್ತು ಓಡಿಸಿ. ಕಣ್ಣು ತಪ್ಪಿಸಿಕೊಳ್ಳುವ ಚಕ್ಕೆ ಹಾರಿದ ಜಾಗ ಬೆರಳಿಗೆ ಸಿಗುತ್ತದೆ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ಅಂಟು, ಮೇಲೆ ಬಳಿದ ಬಣ್ಣದ ರಿಪೇರಿ ಉಳಿದ ಭಾಗಕ್ಕಿಂತ ಬೇರೆಯಾಗಿ ಹೊಳೆಯುತ್ತದೆ. ಚಿನ್ನ ಸವೆದಿದ್ದರೆ ಬಳಕೆಗೆ ಕೊಳ್ಳಬಹುದು, ಹೆಚ್ಚು ಬೆಲೆ ಕೊಡಬಾರದು. ಬಿರುಕು ಬಿಟ್ಟದ್ದನ್ನು ಮುಟ್ಟಲೇಬೇಡಿ. ಬಿಸಿ ತಾಗಿದ ದಿನ ಅದು ಎರಡಾಗುತ್ತದೆ.

ನಕಲುಗಳ ಕಾಟ ಹೆಚ್ಚಾಗಿರುವುದು ‘ನಿಪ್ಪಾನ್’ ಮುದ್ರೆಯಲ್ಲಿ, ಏಕೆಂದರೆ ಬೆಲೆ ಹೆಚ್ಚಿರುವುದೂ ಅಲ್ಲಿಯೇ. ಹಳೆಯ ನಕಲುಗಳಲ್ಲಿ ಹಾರದ ನಡುವೆ ಎಂ ಅಕ್ಷರದ ಜಾಗದಲ್ಲಿ ಮರಳು ಗಡಿಯಾರದ ಆಕಾರ ಇರುತ್ತದೆ. ಅವಸರದಲ್ಲಿ ನೋಡಿದರೆ ಎಂ ಎಂದೇ ಅನಿಸುತ್ತದೆ. ಇನ್ನು ಕೆಲವದರಲ್ಲಿ ಹಾರ ತಲೆಕೆಳಗಾಗಿರುತ್ತದೆ; ಅಸಲಿನ ಹಾರದ ಬಾಯಿ ಮೇಲಕ್ಕೆ ತೆರೆದಿರುತ್ತದೆ. ಮೇಪಲ್ ಎಲೆಯ ಮುದ್ರೆ ಅಸಲಿನಲ್ಲಿ ಬಹಳ ಪುಟ್ಟದು, ನಕಲಿನಲ್ಲಿ ದೊಡ್ಡದು. ನಕಲಿನ ಮೈ ಭಾರ, ಮಣ್ಣು ಸುಣ್ಣದಂತೆ ಒರಟು. ಮುದ್ರೆಯನ್ನೇ ಚೆನ್ನಾಗಿ ನಕಲು ಮಾಡಿದ್ದರೂ ಮಣ್ಣು ಸುಳ್ಳು ಹೇಳುವುದಿಲ್ಲ, ಅದಕ್ಕೇ ಎರಡನೇ ಹೆಜ್ಜೆಯನ್ನು ಬಿಡಬಾರದು. ‘ಆಕ್ಯುಪೈಡ್ ಜಪಾನ್’ ಮುದ್ರೆಯ ಮೇಲೆ ಸಂಶಯವಿದ್ದರೆ ಹತ್ತಿಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹಚ್ಚಿ ಮೆಲ್ಲಗೆ ಒರೆಸಿ. ಆವಿಗೆಯಲ್ಲಿ ಬೆಂದ ಮುದ್ರೆ ಹೋಗದು, ಆಮೇಲೆ ಒತ್ತಿದ ಶಾಯಿ ಹೋಗುತ್ತದೆ.

ಎಲ್ಲಿ ಹುಡುಕಬೇಕು

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲ. ಹಿರಿಯರು ತೀರಿಕೊಂಡ ಮನೆಗಳ ಸಾಮಾನು ಮಾರಾಟಗಳಲ್ಲಿ, ದತ್ತಿ ಅಂಗಡಿಗಳಲ್ಲಿ ಪೂರ್ತಿ ಸೆಟ್ಟುಗಳೇ ಸಿಗುತ್ತವೆ. ದೊಡ್ಡ ಸೆಟ್ಟುಗಳನ್ನು ಇಟ್ಟುಕೊಳ್ಳಲು ಹೊಸ ಪೀಳಿಗೆಗೆ ಜಾಗವೂ ಇಲ್ಲ, ಆಸೆಯೂ ಇಲ್ಲ. ಹಾಗಾಗಿ ಬೆಲೆ ಇಳಿದಿದೆ. ಬಿಡಿ ಪಾತ್ರೆಗಳನ್ನು ಕೂಡಿಸುವುದಕ್ಕಿಂತ ಇಡೀ ಸೆಟ್ಟು ಅಗ್ಗವಾಗಿ ಬರುವುದುಂಟು.

ಜಪಾನಿಗೆ ಹೋಗುವವರು ನಗೊಯಾದ ಓಸು ಕನ್ನೊನ್ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 18 ಮತ್ತು 28ರಂದು ಸೇರುವ ಹಳೆ ಸಾಮಾನಿನ ಸಂತೆಯನ್ನು, ಕ್ಯೋಟೊದ ತೋಜಿ ದೇವಾಲಯದಲ್ಲಿ 21ರಂದು ನಡೆಯುವ ಸಂತೆಯನ್ನು ನೋಡಬೇಕು. ನಗೊಯಾ ರೈಲು ನಿಲ್ದಾಣದ ಹತ್ತಿರವೇ ಹಳೆಯ ಕಾರ್ಖಾನೆಯ ಜಾಗದಲ್ಲಿ ನೊರಿತಾಕೆ ಗಾರ್ಡನ್ ಇದೆ. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳ ನಡುವಿನ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅಸಲು ತಟ್ಟೆಗಳನ್ನು ಕಣ್ತುಂಬ ನೋಡಿ ಬಂದರೆ ನಕಲು ತಾನಾಗಿಯೇ ಎದ್ದು ಕಾಣುತ್ತದೆ.

ಭಾರತದಲ್ಲಿ ಜಪಾನಿ ಡಿನ್ನರ್ ಸೆಟ್ಟು ಸಿಗುವುದು ಕಡಿಮೆ. ವಿದೇಶದಿಂದ ತರಿಸುವಾಗ ಸೀಮಾ ಸುಂಕ, ಸಾಗಣೆ ವೆಚ್ಚ ಎರಡನ್ನೂ ಮೊದಲೇ ಲೆಕ್ಕ ಹಾಕಿ. ದಕ್ಷಿಣ ಭಾರತದ ಹಳೆಯ ಮನೆಗಳ ಗೋಡೆಗಳಲ್ಲಿ ಮಾತ್ರ ಜಪಾನಿನ ಪಿಂಗಾಣಿ ಕಸುಬಿನ ಇನ್ನೊಂದು ಮುಖ ಕಾಣಬಹುದು. 1920–30ರ ದಶಕಗಳಲ್ಲಿ ಜಪಾನಿನಿಂದ ಬಂದ ಮಜೋಲಿಕಾ (ಬಣ್ಣದ ಮೆರುಗಿನ ಉಬ್ಬು ಚಿತ್ತಾರದ) ಹೆಂಚುಗಳವು, ಕೆಲವದರಲ್ಲಿ ರವಿವರ್ಮನ ಚಿತ್ರಗಳನ್ನು ಅನುಸರಿಸಿದ ಲಕ್ಷ್ಮಿ, ಸರಸ್ವತಿಯರು. ಹಳೆಯ ಮನೆ ಕೆಡವುವಾಗ ಅಂಥ ಹೆಂಚು ಸಿಕ್ಕರೆ ಹಿಂಬದಿ ನೋಡಿ, ಉಬ್ಬಕ್ಷರದಲ್ಲಿ ‘ಮೇಡ್ ಇನ್ ಜಪಾನ್’ ಇರಬಹುದು.

ಬಳಕೆ ಮತ್ತು ಜೋಪಾನ

ಪ್ರತಿ ಪಾತ್ರೆಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಕೊಡಿ: ಮುಂಭಾಗ, ತಳ ಎರಡರ ಚಿತ್ರ, ಅಳತೆ, ಸಂಖ್ಯೆ, ಕೊಟ್ಟ ಬೆಲೆ, ಇರುವ ದೋಷ. ತಟ್ಟೆಗಳನ್ನು ಒಂದರ ಮೇಲೊಂದು ಇಡುವಾಗ ನಡುವೆ ಹತ್ತಿ ಬಟ್ಟೆ ಇರಲಿ, ಇಲ್ಲವಾದರೆ ಮೇಲಿನದರ ತಳದ ಬಳೆ ಕೆಳಗಿನದರ ಚಿನ್ನವನ್ನು ಕೆರೆಯುತ್ತದೆ. ಕಪ್ಪುಗಳನ್ನು ಹಿಡಿಯಿಂದ ನೇತುಹಾಕಬೇಡಿ. ತೊಳೆಯಲು ಉಗುರುಬೆಚ್ಚಗಿನ ನೀರು, ಮೃದು ಸಾಬೂನು, ಕೈ ಸಾಕು. ಚಹಾದ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಚಿನ್ನಕ್ಕೆ ತಾಗಿಸದೆ ಉಜ್ಜಿ. ಬ್ಲೀಚಿಂಗ್ ಪುಡಿ ಬೇಡವೇ ಬೇಡ. ಚಿನ್ನದ ಅಂಚಿನ ಪಾತ್ರೆಯನ್ನು ಮೈಕ್ರೊವೇವ್ ಒಲೆಯಲ್ಲಿ ಇಟ್ಟರೆ ಕಿಡಿ ಹಾರುತ್ತದೆ, ಚಿನ್ನ ಸುಟ್ಟುಹೋಗುತ್ತದೆ.

ಊಟಕ್ಕೆ ಬಳಸಬಹುದೇ? ಮೆರುಗಿನ ಮೇಲೆ ಬರೆದ ಹಳೆಯ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ, ಹುಳಿ ಅವನ್ನು ಕರಗಿಸುತ್ತದೆ. ನಮ್ಮ ಊಟದಲ್ಲಿ ಹುಣಸೆ, ನಿಂಬೆ, ಮೊಸರು, ಟೊಮೆಟೊ ಇಲ್ಲದ ಹೊತ್ತೇ ಇಲ್ಲ. ಆದ್ದರಿಂದ ಊಟದ ಜಾಗದಲ್ಲಿ ಬಣ್ಣದ ಚಿತ್ತಾರವಿರುವ ಯುದ್ಧಪೂರ್ವದ ತಟ್ಟೆಯಲ್ಲಿ ಸಾರು–ಅನ್ನ ಕಲಸಬೇಡಿ, ಉಪ್ಪಿನಕಾಯಿ ಹಾಕಿಡಬೇಡಿ, ಮಕ್ಕಳಿಗೆ ಕೊಡಬೇಡಿ. ನಡುಭಾಗ ಬರಿ ಬಿಳಿಯಾಗಿದ್ದು ಅಂಚಿನಲ್ಲಷ್ಟೇ ಚಿತ್ತಾರವಿರುವ ತಟ್ಟೆಯಲ್ಲಿ ಒಣ ತಿಂಡಿ ಇಡಬಹುದು: ಕೋಡುಬಳೆ, ಚಕ್ಕುಲಿ, ಬಿಸ್ಕತ್ತು. ಅದಕ್ಕಿಂತ ಹೆಚ್ಚಿನ ಬಳಕೆ ಬೇಕಾದರೆ ಪ್ರಯೋಗಾಲಯದಲ್ಲಿ ಸೀಸದ ಪರೀಕ್ಷೆ ಮಾಡಿಸಿ, ವರದಿಯನ್ನು ಆ ತಟ್ಟೆಯ ಪುಟದಲ್ಲಿಯೇ ಅಂಟಿಸಿಡಿ.